ಪಾಲಿಸಿಗೆ ನಿಮ್ಮ ಲಗ್ನದ ಸುದ್ದಿ ಗೊತ್ತಿಲ್ಲ

ಬಾಗಲಕೋಟೆಯ ನವನಗರದಲ್ಲಿ ವಿಮೆ ಏಜೆಂಟ್ ಕೆಲಸ ಮಾಡುವ ನನಗೆ ವಿಳಾಸ ಬದಲಾವಣೆಯ ಅರ್ಜಿ ತುಂಬುವುದು ಹೊಸದಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಓಣಿಗಳು ಹೋದ ಮೇಲೆ ನಮ್ಮ ಜನ ರೇಷನ್ ಕಾರ್ಡು, ಪಾಸ್‌ಬುಕ್ಕು, ಪಾಲಿಸಿ ಎಲ್ಲದರಲ್ಲೂ ಸೆಕ್ಟರ್ ನಂಬರ್ ಬರೆಸಿಕೊಂಡರು. ಅದೇ ಪಾಲಿಸಿಯಲ್ಲಿದ್ದ ನಾಮಿನಿ, ಅಂದರೆ ನಮ್ಮ ನಂತರ ಹಣ ಇಸಕೊಳ್ಳಬೇಕಾದವರ, ಹೆಸರನ್ನು ಮಾತ್ರ ಹೆಚ್ಚಿನವರು ಮುಟ್ಟಲೇ ಇಲ್ಲ. ಮನೆ ಬದಲಾದದ್ದು ಕಣ್ಣಿಗೆ ಕಾಣುತ್ತದೆ. ಮನೆಯೊಳಗಿನ ಮಂದಿ ಬದಲಾದದ್ದನ್ನು ಆಫೀಸಿಗೆ ತಿಳಿಸಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

ಹುಡುಗನಿಗೆ ನೌಕರಿ ಸಿಕ್ಕ ವರ್ಷ ಒಂದು ಪಾಲಿಸಿ ಆಗುತ್ತದೆ, ನಾಮಿನಿ ಅವ್ವ. ಆಮೇಲೆ ಲಗ್ನ, ಮಕ್ಕಳು, ಬ್ಯಾರೆ ಮನಿ. ಪಾಲಿಸಿಯಲ್ಲಿ ಅವ್ವನೇ. ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆಯ ನೌಕರರಿಗೆ ಇದರ ಬಗ್ಗೆ ಇನ್ನೊಂದು ಗೊಂದಲ. ಕುಟುಂಬ ಇಲ್ಲದಾಗ ಮಾಡಿದ ನಾಮಿನೇಶನ್, ಮುಂದೆ ಕುಟುಂಬ ಆದರೆ ರದ್ದಾದಂತೆ ಎಂಬ ಸಾಲು ಪಿಎಫ್ ಫಾರ್ಮಿನಲ್ಲೇ ಅಚ್ಚಾಗಿದೆ. ಗ್ರ್ಯಾಚುಟಿಗೂ ಹಾಗೇ. ಹಾಗಾಗಿ ವಿಮೆಗೂ ಅದೇ ಕಾಯ್ದೆ ಅಂದುಕೊಳ್ಳುತ್ತಾರೆ. 1938ರ ವಿಮಾ ಕಾಯ್ದೆಯ 39ನೇ ಕಲಮಿನಲ್ಲಿ ಅಂಥದ್ದೇನೂ ಇಲ್ಲ. ಲಗ್ನವಾಗಲಿ, ಸೋಡಚೀಟಿಯಾಗಲಿ (ವಿಚ್ಛೇದನ), ನೀವಾಗಿ ಬದಲಿಸುವ ತನಕ ಬರೆಸಿದ ಹೆಸರೇ ಇರುತ್ತದೆ.

ಮೊನ್ನೆ ಗುಳೇದಗುಡ್ಡದಲ್ಲಿ ಖಣ ನೇಯುವ ಒಬ್ಬ ಕಾಕಾನ ಮನೆಗೆ ಹೋಗಿದ್ದೆ. ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಪಾಲಿಸಿ ಬಾಂಡು, ಅದಕ್ಕೆ ಅಂಟಿಕೊಂಡ ಹಳೆ ಲಗ್ನಪತ್ರಿಕೆ, ಮಡಿಚಿದ ಕಡೆ ಹರಿದು ಟೇಪು ಹಚ್ಚಿದ ಪ್ರೀಮಿಯಂ ರಸೀದಿಗಳು. ನಾಮಿನಿ ಹೆಸರು ಓದಿದೆ. ಅವರ ತಾಯಿಯದು.

"ಅವ್ವ ಹೋಗಿ ಭಾಳ ವರ್ಷ ಆತಲ್ಲ ತಂಗಿ, ಇನ್ನ ನನಗ ಏನರ ಆದ್ರ ರೊಕ್ಕ ಯಾರಿಗೆ ಕೊಡ್ತಾರ?" ಅಂದರು.

ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಕಾಕು ಕೈ ನಿಲ್ಲಿಸದೆ, "ನೀವೂ ಅಲ್ಲೇ ಹೋಗಿರ್ತೀರಲ್ಲ, ಅವ್ವನ ಕೈಯಾಗ ನೀವ ಕೊಟ್ಟುಬಿಡ್ರಿ" ಅಂದರು.

ನಕ್ಕೆವು. ಆದರೆ ನಾಮಿನಿ ಮೊದಲೇ ತೀರಿಹೋಗಿದ್ದರೆ ಹಣ ವಾರಸುದಾರರಿಗೆ ಹೋಗುತ್ತದೆ, ವಾರಸುದಾರರು ತಾವೇ ಅಂತ ಅವರು ಕಾಗದ ತೋರಿಸಬೇಕಾಗುತ್ತದೆ. ಕೆಲವು ಸಲ ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ ತನಕ ಹೋಗುತ್ತದೆ. ಕಂಡಿಕೆ ಬಿಟ್ಟು ಕಾಕು ವಕೀಲರ ಹತ್ತಿರ ಅಡ್ಡಾಡಬೇಕು. ಇವತ್ತು ಒಂದು ಫಾರ್ಮಿಗೆ ಕಾಕಾ ಸಹಿ ಹಾಕಿದರೆ ಅದು ತಪ್ಪುತ್ತದೆ.

ಅವ್ವ ಬದುಕಿರುವ ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ. "ಅವ್ವನ ಹೆಸರು ತೆಗಸಿದ್ರ ಆಕಿ ಏನ್ ತಿಳ್ಕೊಂತಾಳ್ರಿ ಅಕ್ಕಾ?" ಅಂತ ಗಂಡುಮಕ್ಕಳು ದನಿ ತಗ್ಗಿಸಿ ಕೇಳುತ್ತಾರೆ. ತೆಗೆಸಬೇಡಿ ಅನ್ನುತ್ತೇನೆ. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ನಾಮಿನಿ ಮಾಡಬಹುದು, ಯಾರಿಗೆ ನೂರಕ್ಕೆ ಎಷ್ಟು ಅಂತ ಬರೆಸಬಹುದು. ಅವ್ವನ ಪಕ್ಕ ಹೆಂಡತಿಯ ಹೆಸರು ಕೂಡಿಸಿ.

ನಾಮಿನಿ ಅಂದರೆ ಹಣ ಇಸಕೊಳ್ಳುವ ಕೈ ಅಷ್ಟೇ, ಹಕ್ಕು ವಾರಸುದಾರರದು ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿತ್ತು. 2015ರ ತಿದ್ದುಪಡಿ ಬಂದು, ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಹಣದ ಲಾಭವೂ ಅವರಿಗೇ ಎಂದಿತು. ಇನ್ನು ಜಗಳ ಮುಗಿಯಿತು ಅಂತ ನಮ್ಮಂಥ ಏಜೆಂಟರು ಅಂದುಕೊಂಡೆವು. 2025ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಬಂದ ಪ್ರಕರಣ ಥೇಟ್ ನಮ್ಮ ಮನೆಗಳದ್ದೇ. ಲಗ್ನಕ್ಕೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದ ಮಗ, ಲಗ್ನವಾಗಿ ಕೂಸು ಹುಟ್ಟಿದ ಮೇಲೂ ಹೆಸರು ಬದಲಿಸದೆ ತೀರಿಹೋಗಿದ್ದ. ವಾರಸುದಾರರು ಪಾಲು ಕೇಳಿದರೆ ವಾರಸಾ ಕಾಯ್ದೆಯೇ ಮೇಲು ಎಂದ ಕೋರ್ಟು ತಾಯಿ, ಹೆಂಡತಿ, ಕೂಸು ಮೂವರಿಗೂ ಮೂರರಲ್ಲಿ ಒಂದೊಂದು ಪಾಲು ಮಾಡಿತು. ಹಿಂದೂ ವಾರಸಾ ಕಾಯ್ದೆಯಲ್ಲಿ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ತಾಯಿ ಇದ್ದಾಳೆ, ಅಪ್ಪ ಇಲ್ಲ. ಇದನ್ನು ಹೇಳಿದಾಗ ಅಪ್ಪಂದಿರ ಮುಖ ನೋಡಬೇಕು.

ಕೊನೆಗೆ ಕೋರ್ಟು ಮಾಡುವ ಪಾಲನ್ನೇ ಮೊದಲೇ ಬರೆಸಿಟ್ಟರೆ ಅತ್ತೆ-ಸೊಸೆ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ವಕೀಲರ ಹತ್ತಿರ ಹೋಗುವುದು ತಪ್ಪುತ್ತದೆ. ನನ್ನ ವಾದ ಇಷ್ಟೇ.

ಬದಲಾವಣೆಗೆ ದೊಡ್ಡ ಕಷ್ಟವೇನಿಲ್ಲ. ಫಾರ್ಮು ತುಂಬಿ, ಬಾಂಡಿನ ಜೊತೆ ನಿಮ್ಮ ಪಾಲಿಸಿ ಇರುವ ಶಾಖೆಗೆ ಕೊಡಬೇಕು. ಹಳೆ ನಾಮಿನಿಯ ಒಪ್ಪಿಗೆ ಬೇಕಿಲ್ಲ. ಆದರೆ ಆಫೀಸಿನ ದಾಖಲೆಗೆ ಹತ್ತುವ ತನಕ ಅದು ಲೆಕ್ಕಕ್ಕಿಲ್ಲ. ಫಾರ್ಮು ಏಜೆಂಟನ ಚೀಲದಲ್ಲೇ ಇದ್ದಾಗ ಏನಾದರೂ ಆಯಿತೆನ್ನಿ, ಕಂಪನಿ ಹಳೆ ನಾಮಿನಿಗೆ ಹಣ ಕೊಟ್ಟರೆ ಕಂಪನಿಯದು ತಪ್ಪಲ್ಲ. ಮೃತ್ಯುಪತ್ರದಲ್ಲಿ (ವಿಲ್) ಬದಲಿಸಿದ್ದರೂ ಕಂಪನಿಗೆ ತಿಳಿಸಿರದಿದ್ದರೆ ಹಾಗೇ. ಅದಕ್ಕೇ ನನ್ನ ಮೇಲೆ ಎಷ್ಟೇ ವಿಶ್ವಾಸ ಇದ್ದರೂ, ನೋಂದಣಿ ಆಗಿದೆ ಅನ್ನುವ ಕಾಗದ ಕೈಗೆ ಬರುವ ತನಕ ನನ್ನನ್ನು ಕಾಡಿರಿ.

ಹೆಸರಿನದೇ ನಮ್ಮ ಕಡೆಯ ದೊಡ್ಡ ತಲೆನೋವು. ತವರಿನಲ್ಲಿ ಒಂದು ಹೆಸರು, ಲಗ್ನದಾಗ ಅಕ್ಕಿಯಲ್ಲಿ ಬರೆದ ಇನ್ನೊಂದು ಹೆಸರು, ಮನೆಯಲ್ಲಿ ಕರೆಯುವುದು ಮತ್ತೊಂದು. ಗಂಡ ಪ್ರೀತಿಯಿಂದ ಕರೆಯುವ ಹೆಸರನ್ನೇ ಫಾರ್ಮಿನಲ್ಲಿ ಬರೆಸಿರುತ್ತಾನೆ, ಆಧಾರ್‌ನಲ್ಲಿ ತವರಿನ ಹೆಸರು ಇರುತ್ತದೆ. ಎರಡೂ ಒಬ್ಬಳೇ ಅಂತ ಆಮೇಲೆ ಆಕೆ ಅಫಿಡವಿಟ್ ಮಾಡಿಸಬೇಕು. ಆಧಾರ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಸಿ.

ನಾಮಿನಿ 18 ತುಂಬದ ಮಗುವಾದರೆ ಹಣ ಇಸಕೊಳ್ಳಲು ಒಬ್ಬ ದೊಡ್ಡವರನ್ನು ಅಪಾಯಿಂಟಿ ಅಂತ ಬರೆಸಬೇಕು, ಫಾರ್ಮಿನಲ್ಲಿ ಅವರ ಸಹಿಯೂ ಬೇಕು. ಅಣ್ಣ-ತಮ್ಮಂದಿರು ಕೂಡಿದ್ದಾಗ ಮಗುವಿನ ಕಾಕಾನ ಹೆಸರು ಬರೆಸಿ, ಹೊಲದ ಬದುವಿಗೆ ಜಗಳಾಡಿ ಮಾತು ಬಿಟ್ಟ ಮೇಲೂ ಅದೇ ಹೆಸರು ಉಳಿದ ಪಾಲಿಸಿಗಳು ನನ್ನ ಗಿರಾಕಿಗಳಲ್ಲೇ ಇವೆ.

ಪಾಲಿಸಿ ಅಡವಿಟ್ಟು ಸಾಲ ತೆಗೆದರೆ ನಾಮಿನಿ ಹೆಸರು ಹೋಗುವುದಿಲ್ಲ. ಸಾಲದ ಬಾಕಿ ಮುರಿದುಕೊಂಡು ಉಳಿದದ್ದು ನಾಮಿನಿಗೆ. ಮಗ್ಗಕ್ಕೆ, ಅಂಗಡಿಗೆ ಸಾಲ ಮೈಮೇಲಿರುವ ಲಗ್ನವಾದ ಗಂಡಸರು ಹೊಸ ಪಾಲಿಸಿ ತೆಗೆಯುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸುವುದು ಒಳ್ಳೆಯದು. ಆ ಹಣ ಹೆಂಡತಿ-ಮಕ್ಕಳದು, ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಆದರೆ ಮೊದಲೇ ಯೋಚಿಸಿ, ಆಮೇಲೆ ಮನಸ್ಸು ಬದಲಾಯಿತು ಅಂದರೆ ಹೆಸರು ಬದಲಿಸಲು ಬರುವುದಿಲ್ಲ.

ನನ್ನ ಹತ್ತಿರ ಪಾಲಿಸಿಯೇ ಇಲ್ಲ ಅನ್ನುವವರೂ ಪಾಸ್‌ಬುಕ್ ತೆಗೆದು ನೋಡಿ. ಮೇ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, 2 ಲಕ್ಷದ್ದು. ಖಾತೆ ತೆರೆದ ದಿನ ಬ್ಯಾಂಕಿನವರು ಕೊಟ್ಟ ಕಾಗದಗಳ ಮಧ್ಯೆ ಅದಕ್ಕೂ ಸಹಿ ಹಾಕಿರುತ್ತೀರಿ. ನಾಮಿನಿ ಅಂತ ಯಾರ ಹೆಸರಿದೆ, ಕೌಂಟರಿನಲ್ಲಿ ಕೇಳಿ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ.