ಎಫ್‌ಟಿಎಲ್: ಕಥೆಯಲ್ಲಿ ಒಂದು, ಚಿಪ್‌ನಲ್ಲಿ ಇನ್ನೊಂದು

12 ಜೂನ್ 2024, ಬುಧವಾರ

ವಿಜ್ಞಾನ ಕಥೆ ಓದುವವರಿಗೆ ಎಫ್‌ಟಿಎಲ್ ಎಂದರೆ ಫಾಸ್ಟರ್ ದ್ಯಾನ್ ಲೈಟ್, ಬೆಳಕನ್ನೂ ಹಿಂದೆ ಹಾಕುವ ಪಯಣ. ಎಸ್‌ಎಸ್‌ಡಿ (ಚಿಪ್‌ನಲ್ಲೇ ಡೇಟಾ ಇಡುವ ಡ್ರೈವ್), ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳ ಫರ್ಮ್‌ವೇರ್, ಅಂದರೆ ಅವುಗಳೊಳಗೇ ಓಡುವ ಸಾಫ್ಟ್‌ವೇರ್, ಬರೆಯುವವರಿಗೆ ಅದೇ ಎಫ್‌ಟಿಎಲ್ ಫ್ಲ್ಯಾಶ್ ಟ್ರಾನ್ಸ್‌ಲೇಶನ್ ಲೇಯರ್. ಮೊದಲನೆಯದರಲ್ಲಿ ಕಥೆಗಾರ ಒಂದು ನಿಯಮವನ್ನು ಮುರಿಯುತ್ತಾನೆ. ಎರಡನೆಯದರಲ್ಲಿ ಎಂಜಿನಿಯರು ಮುರಿಯಲಾಗದ ನಿಯಮವೊಂದನ್ನು ಬಳಸುವವರ ಕಣ್ಣಿಂದ ಮರೆಮಾಡುತ್ತಾನೆ. ಎರಡು ಕಡೆಯೂ ಅದರ ಬೆಲೆಯನ್ನು ಯಾರು, ಎಲ್ಲಿ ತೆರುತ್ತಾರೆ ಅನ್ನುವುದೇ ಮುಖ್ಯ ಪ್ರಶ್ನೆ.

ಕಥೆಯದ್ದು ಮೊದಲು. ಬೆಳಕಿನ ವೇಗ ಸೆಕೆಂಡಿಗೆ 2,99,792.458 ಕಿ.ಮೀ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಸೆಕೆಂಡಿಗೆ ಸುಮಾರು 17 ಕಿ.ಮೀ. ಸಾಗುವ ವಾಯೇಜರ್ 1 ಬಾಹ್ಯಾಕಾಶ ನೌಕೆಯ ವೇಗದಲ್ಲಿ ಅಷ್ಟು ದೂರ ಹೋಗಲು ಹತ್ತಿರ ಹತ್ತಿರ 75,000 ವರ್ಷ ಬೇಕು. ಕಥೆಗಳಲ್ಲಿ ವಾರ್ಪ್, ಹೈಪರ್‌ಸ್ಪೇಸ್, ವರ್ಮ್‌ಹೋಲ್‌ನಂಥ ಅಡ್ಡದಾರಿಗಳು ಬಂದದ್ದು ಈ ಅಂತರದಿಂದಲೇ. 1994ರಲ್ಲಿ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ವಾರ್ಪ್‌ಗೆ ಒಂದು ಗಣಿತರೂಪ ಕೊಟ್ಟರು: ನೌಕೆಯ ಮುಂದಿನ ಅವಕಾಶ (ಸ್ಪೇಸ್) ಕುಗ್ಗಬೇಕು, ಹಿಂದಿನದು ಹಿಗ್ಗಬೇಕು. ಅದಕ್ಕೆ ಬೇಕಾದ ಋಣಶಕ್ತಿಯನ್ನು, ಅಂದರೆ ಸೊನ್ನೆಗಿಂತ ಕಡಿಮೆ ಶಕ್ತಿಯನ್ನು, ಆ ಪ್ರಮಾಣದಲ್ಲಿ ಒದಗಿಸುವ ದಾರಿ ಯಾರಿಗೂ ಗೊತ್ತಿಲ್ಲ.

ಕಥೆ ಎಡವುವುದು ಮಾತ್ರ ಎಂಜಿನ್ನಿನಲ್ಲಲ್ಲ, ಲೆಕ್ಕದಲ್ಲಿ. 100 ಜ್ಯೋತಿರ್ವರ್ಷವನ್ನು ಒಂದು ವಾರದಲ್ಲಿ ದಾಟುವ ನೌಕೆಯ ವೇಗ ಬೆಳಕಿನ ಸುಮಾರು 5,200 ಪಟ್ಟು. ನಮ್ಮ ಗೆಲಾಕ್ಸಿಯ ಅಗಲವಾದ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ದಾಟಲು ಅದೇ ನೌಕೆಗೆ 1,000 ವಾರ, ಅಂದರೆ 19 ವರ್ಷ ಹಿಡಿಯುತ್ತದೆ. ಮುಂದಿನ ಅಧ್ಯಾಯದಲ್ಲಿ ಅದು ತಿಂಗಳೊಪ್ಪತ್ತಿನಲ್ಲಿ ಗೆಲಾಕ್ಸಿಯ ಆಚೆ ತುದಿ ಮುಟ್ಟಿದರೆ ಓದುಗರು ಬಿಡುವುದಿಲ್ಲ. ಸುದ್ದಿ ನೌಕೆಯಲ್ಲೇ ಹೋಗಬೇಕೋ, ಅದಕ್ಕೂ ಮೊದಲೇ ತಲುಪುತ್ತದೋ ಎಂಬುದನ್ನೂ ಬರೆಯಲು ಕೂರುವ ಮುನ್ನವೇ ತೀರ್ಮಾನಿಸಬೇಕು. ಯುದ್ಧ, ವ್ಯಾಪಾರ, ಆಡಳಿತ ಮೂರೂ ಅದರ ಮೇಲೆ ನಿಲ್ಲುತ್ತವೆ. ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. 1905ರ ಸಾಪೇಕ್ಷತೆಯ ಪ್ರಕಾರ, ಬೆಳಕಿಗಿಂತ ವೇಗದ ಸಂದೇಶ ಸಾಧ್ಯವಾದರೆ ಕೆಲವು ವೀಕ್ಷಕರಿಗೆ ಅದು ಹೊರಡುವ ಮೊದಲೇ ತಲುಪಿದಂತೆ ಕಾಣುತ್ತದೆ. ಎಲ್ಲ ದಿಕ್ಕಿಗೂ, ಎಲ್ಲ ವೇಗದ ನೌಕೆಗಳಿಂದಲೂ ಅಂಥ ಸಂದೇಶ ಕಳಿಸಬಹುದಾದರೆ ನಿನ್ನೆಗೆ ಉತ್ತರ ಬರೆಯಬಹುದು. ಇದನ್ನು ತಡೆಯುವ ನಿಯಮವೊಂದನ್ನು ಕಥೆಯೇ ಹೇಳಬೇಕು.

ಇನ್ನು ಚಿಪ್‌ನ ಎಫ್‌ಟಿಎಲ್. ಈ ಡ್ರೈವ್‌ಗಳಲ್ಲಿ ಡೇಟಾ ಹಿಡಿದಿಡುವ ಚಿಪ್ಪಾದ ನ್ಯಾಂಡ್ ಫ್ಲ್ಯಾಶನ್ನು ಸ್ಲೇಟಿನ ಹಾಗೆ ಊಹಿಸಿಕೊಳ್ಳಿ: ಸಾಲು ಸಾಲಾಗಿ ಬರೆಯಬಹುದು, ಒರೆಸುವಾಗ ಮಾತ್ರ ಇಡೀ ಸ್ಲೇಟನ್ನೇ ಒರೆಸಬೇಕು. ಸಾಲು ಎಂದರೆ ಪೇಜ್, ಈಗಿನ ಚಿಪ್‌ಗಳಲ್ಲಿ ಸಾಮಾನ್ಯವಾಗಿ 16 ಕೆಬಿ. ಸ್ಲೇಟು ಎಂದರೆ ಬ್ಲಾಕ್, ಒಂದೊಂದರಲ್ಲೂ ನೂರಾರು, ಕೆಲವೊಮ್ಮೆ ಸಾವಿರಾರು ಪೇಜ್. ಒರೆಸಿದಷ್ಟೂ ಸ್ಲೇಟು ಸವೆಯುತ್ತದೆ. ಕೋಶಕ್ಕೆ ಮೂರು ಬಿಟ್ ಹಿಡಿಸುವ ಟಿಎಲ್‌ಸಿ ತಡೆಯುವುದು 1,000ದಿಂದ 3,000 ಸಲ, ನಾಲ್ಕು ಬಿಟ್‌ನ ಕ್ಯೂಎಲ್‌ಸಿ ಅದಕ್ಕಿಂತ ಕಡಿಮೆ. ಕಂಪ್ಯೂಟರಿನಲ್ಲಿ ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ ಮಾತ್ರ ಇದು ಹಾರ್ಡ್ ಡಿಸ್ಕ್ ಎಂದೇ ನಂಬಿ, ಒಂದೇ ವಿಳಾಸಕ್ಕೆ ಮತ್ತೆ ಮತ್ತೆ ಬರೆಯುತ್ತಿರುತ್ತದೆ. ನಡುವೆ ನಿಂತು ಈ ನಂಬಿಕೆಯನ್ನು ಕಾಪಾಡುವುದು ಎಫ್‌ಟಿಎಲ್. ಇದರ ಮೂಲ ಪೇಟೆಂಟ್ ಎಂ-ಸಿಸ್ಟಮ್ಸ್ ಕಂಪನಿಯ ಅಮೀರ್ ಬಾನ್ ಅವರದು, 1995ರಲ್ಲಿ ಸಿಕ್ಕಿತು.

ಎಫ್‌ಟಿಎಲ್‌ನ ಕೈಯಲ್ಲಿರುವುದು ಒಂದು ಮ್ಯಾಪಿಂಗ್ ಟೇಬಲ್, ಯಾವ ವಿಳಾಸದ ಡೇಟಾ ಯಾವ ಪೇಜಿನಲ್ಲಿದೆ ಎಂಬ ಪಟ್ಟಿ. ಹೊಸ ಡೇಟಾ ಬಂದಾಗ ಹಳೆಯ ಪೇಜನ್ನು ಮುಟ್ಟದೆ ಖಾಲಿ ಪೇಜಿನಲ್ಲಿ ಬರೆಯುತ್ತದೆ, ಟೇಬಲ್ಲಿನಲ್ಲಿ ವಿಳಾಸ ತಿದ್ದುತ್ತದೆ, ಹಳೆಯದಕ್ಕೆ ಕಸವೆಂದು ಗುರುತು ಹಾಕುತ್ತದೆ. ಪ್ರತಿ 4 ಕೆಬಿಗೆ 4 ಬೈಟ್ ಎಂದು ಹಿಡಿದರೆ 1 ಟಿಬಿ ಡ್ರೈವ್‌ನ ಟೇಬಲ್ಲೇ ಸುಮಾರು 1 ಜಿಬಿ. ಅದನ್ನು ಇಟ್ಟುಕೊಳ್ಳಲು ಡಿರ್ಯಾಮ್ ಎಂಬ ವೇಗದ ಮೆಮೊರಿ ಇಲ್ಲದ ಅಗ್ಗದ ಡ್ರೈವ್‌ಗಳು ಚದುರಿದ ವಿಳಾಸಗಳಲ್ಲಿ ಕೆಲಸ ಬಿದ್ದಾಗ ತಡವರಿಸುವುದಕ್ಕೆ ಮುಖ್ಯ ಕಾರಣ ಇದೇ.

ಬೆಲೆ ತೆರುವುದು ಗಾರ್ಬೇಜ್ ಕಲೆಕ್ಷನ್‌ನಲ್ಲಿ, ಅಂದರೆ ಕಸದ ಪೇಜುಗಳ ಜಾಗ ಬಿಡಿಸುವಾಗ. 256 ಪೇಜಿನ ಒಂದು ಬ್ಲಾಕಿನಲ್ಲಿ 192 ಪೇಜ್ ಇನ್ನೂ ಬೇಕಾದವು, 64 ಕಸ ಎನ್ನೋಣ. ಆ 64ರ ಜಾಗ ಬಿಡಿಸಲು 192 ಪೇಜನ್ನು ಬೇರೆಡೆ ನಕಲು ಮಾಡಿ ಬ್ಲಾಕ್ ಒರೆಸಬೇಕು. ಕಂಪ್ಯೂಟರ್ ಬರೆದದ್ದು 64, ಚಿಪ್ ಬರೆದದ್ದು 256. ಇದನ್ನೇ ರೈಟ್ ಆಂಪ್ಲಿಫಿಕೇಶನ್ ಎನ್ನುತ್ತಾರೆ, ಇಲ್ಲಿ ನಾಲ್ಕು ಪಟ್ಟು. ಬ್ಲಾಕಿನ ಅರ್ಧ ಕಸವಾಗಿದ್ದರೆ ಅದು ಎರಡಕ್ಕೆ ಇಳಿಯುತ್ತದೆ. ಡ್ರೈವನ್ನು ಕಂಠಮಟ್ಟ ತುಂಬಬೇಡಿ, ಶೇ 10ರಿಂದ 20 ಖಾಲಿ ಬಿಡಿ ಎನ್ನುವುದು ಇದಕ್ಕೇ.

ಫೈಲ್ ಡಿಲೀಟ್ ಮಾಡಿದ್ದು ಎಫ್‌ಟಿಎಲ್‌ಗೆ ತಾನಾಗಿ ತಿಳಿಯುವುದಿಲ್ಲ, ಈ ಪೇಜುಗಳು ಇನ್ನು ಬೇಡ ಎಂದು ತಿಳಿಸುವ ಟ್ರಿಮ್ ಆದೇಶ ಹೋಗಬೇಕು. ಹೋಗದಿದ್ದರೆ ಕಸವನ್ನೂ ಆಸ್ತಿಯೆಂದು ಹೊತ್ತು ನಕಲು ಮಾಡುತ್ತಲೇ ಇರುತ್ತದೆ. ಲಿನಕ್ಸ್‌ನಲ್ಲಿ ಈ ಆದೇಶ ಕಳಿಸುವ ಎಫ್‌ಎಸ್‌ಟ್ರಿಮ್ ಟೈಮರ್ ವಾರಕ್ಕೊಮ್ಮೆ ಓಡುತ್ತಿದೆಯೇ ನೋಡಿ. ಎರಡು ಕಡೆ ಈ ಆದೇಶ ಸದ್ದಿಲ್ಲದೆ ಸಿಕ್ಕಿಕೊಳ್ಳುತ್ತದೆ: ಟ್ರಿಮ್ ದಾಟಿಸದ ಯುಎಸ್‌ಬಿ ಅಡಾಪ್ಟರ್, ಮತ್ತು ಡಿಸ್ಕಾರ್ಡ್‌ಗೆ (ಟ್ರಿಮ್‌ಗೆ ಲಿನಕ್ಸ್‌ನಲ್ಲಿರುವ ಹೆಸರು) ಅನುಮತಿ ಕೊಡದ ಎನ್‌ಕ್ರಿಪ್ಟೆಡ್ ಪಾರ್ಟಿಷನ್.

ಎನ್‌ವಿಎಂಇ (ಈಗಿನ ವೇಗದ ಎಸ್‌ಎಸ್‌ಡಿ ಬಗೆ) ಡ್ರೈವ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಮೂರು ಸಾಲು ನೋಡಿದರೆ ಸಾಕು. ‘ಪರ್ಸೆಂಟೇಜ್ ಯೂಸ್ಡ್’ ಸವೆತದ ಅಂದಾಜು, ಅದು 100 ದಾಟಿದರೂ ಡ್ರೈವ್ ತಕ್ಷಣ ಸಾಯುವುದಿಲ್ಲ. ‘ಅವೈಲಬಲ್ ಸ್ಪೇರ್’ ಇಳಿಯತೊಡಗಿದರೆ ಕೆಟ್ಟ ಬ್ಲಾಕುಗಳು ಹೆಚ್ಚುತ್ತಿವೆ ಎಂದರ್ಥ, ಬ್ಯಾಕಪ್ ಅವತ್ತೇ ಆಗಬೇಕು. ‘ಡೇಟಾ ಯೂನಿಟ್ಸ್ ರಿಟನ್’ ಅನ್ನು 5,12,000ದಿಂದ ಗುಣಿಸಿದರೆ ಕಂಪ್ಯೂಟರ್ ಬರೆದ ಬೈಟ್‌ಗಳ ಲೆಕ್ಕ ಸಿಗುತ್ತದೆ. ಚಿಪ್ ನಿಜಕ್ಕೂ ಬರೆದದ್ದು ಅದಕ್ಕಿಂತ ಹೆಚ್ಚಿರುತ್ತದೆ.

ಗುಟ್ಟಿನ ಫೈಲಿನ ಮೇಲೆ ಸೊನ್ನೆ ಬರೆದು ಅಳಿಸುವ ಹಳೆಯ ಪದ್ಧತಿಯನ್ನು ಎಸ್‌ಎಸ್‌ಡಿಯಲ್ಲಿ ನಂಬಬೇಡಿ. ಎಫ್‌ಟಿಎಲ್ ಆ ಸೊನ್ನೆಗಳನ್ನು ಬೇರೆ ಪೇಜಿನಲ್ಲಿ ಬರೆಯುತ್ತದೆ, ಗುಟ್ಟು ಹಳೆಯ ಪೇಜಿನಲ್ಲೇ ಉಳಿಯುತ್ತದೆ. ಡ್ರೈವ್ ಕೈಬಿಡುವ ಮುನ್ನ ಅದರದೇ ಸ್ಯಾನಿಟೈಜ್ ಅಥವಾ ಸೆಕ್ಯೂರ್ ಇರೇಸ್ ಆದೇಶ ಕೊಡಿ, ಕೆಲಸ ಮುಗಿಯಿತೆಂದು ಡ್ರೈವ್ ಹೇಳುವ ತನಕ ಕರೆಂಟ್ ತೆಗೆಯಬೇಡಿ.