ದವಾಖಾನಿಯ ಬಿಪಿ, ಮನೆಯ ಬಿಪಿ

ಆಳಂದ, ಚಿಂಚೋಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬರುವ ಮುತ್ಯಾ ಒಪಿಡಿ ಪಾಳಿಯಲ್ಲಿ ನಿಂತು ದಣಿದಿರುತ್ತಾರೆ. ನಡುವೆ ಒಂದು ಚಹಾ, ಒಂದು ಚಿಟಿಕೆ ತಂಬಾಕು ಆಗಿರುತ್ತದೆ. ಪಾಳಿ ತಪ್ಪೀತೆಂದು ಮೂತ್ರವನ್ನೂ ತಡೆದುಕೊಂಡಿರುತ್ತಾರೆ. ಆಗ ಬಿಪಿಯ ಮೇಲಿನ ಅಂಕಿ 170 ಬಂದರೆ ಅದನ್ನು 'ವೈಟ್ ಕೋಟ್ ಬಿಪಿ' (ದವಾಖಾನಿಯ ಗಾಬರಿಗೆ ಅಲ್ಲಿ ಮಾತ್ರ ಏರುವ ಬಿಪಿ) ಎನ್ನಲಾಗದು, ಅಳತೆಯೇ ಸರಿಯಾಗಿಲ್ಲ. ತುಂಬಿದ ಮೂತ್ರಕೋಶ, ಆಸರೆಯಿಲ್ಲದೆ ಜೋತುಬಿದ್ದ ಕೈ, ಅಳೆಯುವಾಗಿನ ಮಾತು, ಇವು ಒಂದೊಂದೂ ಮೇಲಿನ ಅಂಕಿಯನ್ನು ಸುಮಾರು 10 ಏರಿಸಬಲ್ಲವು. ಉದ್ದ ತೋಳಿನ ಅಂಗಿಯನ್ನು ಒತ್ತಿ ಮೇಲಕ್ಕೆ ಮಡಚುವುದು, ಕುಪ್ಪಸದ ಬಿಗಿ ತೋಳಿನ ಮೇಲೆಯೇ ಪಟ್ಟಿ ಸುತ್ತುವುದು ಎರಡೂ ತಪ್ಪು.

ಅಳತೆ ಸರಿಯಿದ್ದೂ ದವಾಖಾನಿಯಲ್ಲಿ 140/90 ಮುಟ್ಟಿ, ಮನೆಯ ಸರಾಸರಿ 135/85ರ ಒಳಗಿದ್ದರೆ, ಗುಳಿಗಿ ಶುರುವಾಗದವರಲ್ಲಿ ಅದು ವೈಟ್ ಕೋಟ್ ಬಿಪಿ. ವಯಸ್ಸಾದವರ ರಕ್ತನಾಳ ಪೆಡಸಾಗಿರುವುದರಿಂದ ಸಣ್ಣ ಗಾಬರಿಗೂ ಮೇಲಿನ ಅಂಕಿ ಜಿಗಿಯುತ್ತದೆ.

ಮನೆಯಲ್ಲಿ ಅಳೆಯಲು ತೋಳಿಗೆ ಸುತ್ತುವ ಯಂತ್ರವೇ ಬೇಕು, ಮಣಿಕಟ್ಟಿನದು ಬೇಡ. ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆದು ಪಟ್ಟಿ ಕೊಳ್ಳಿ; ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ.ಗೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಚಹಾ, ತಂಬಾಕು ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆನ್ನಿಗೆ ಆಸರೆಯಿಟ್ಟು, ಪಾದ ನೆಲಕ್ಕೂರಿ, ಕೈಯನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಟ್ಟು 5 ನಿಮಿಷ ಸುಮ್ಮನೆ ಕೂರಬೇಕು. ಟಿವಿಯೂ ಆಫ್. ಬೆಳಿಗ್ಗೆ ಗುಳಿಗಿ ನುಂಗುವ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, 7 ದಿನ. ಎಲ್ಲ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು, ಮೊದಲ ದಿನದವು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಹೆಚ್ಚು ಬಂದದ್ದನ್ನು 'ಇದು ಸರಿಯಿಲ್ಲ' ಎಂದು ಬಿಟ್ಟು, ಕಡಿಮೆ ಬರುವತನಕ ಒತ್ತುತ್ತಾ ಕೂತರೆ ಆ ಚೀಟಿ ಡಾಕ್ಟರಿಗೆ ಉಪಯೋಗವಿಲ್ಲ. ನಾಡಿ ತಾಳ ತಪ್ಪಿ ಬಡಿಯುವವರಲ್ಲಿ ಯಂತ್ರದ ಅಂಕಿ ಏರುಪೇರಾಗುತ್ತದೆ. ಅವರಿಗೆ ಮೂರು ಸಲ ಅಳೆಯಿರಿ, ಇಸಿಜಿ ಬಗ್ಗೆ ಕೇಳಿ.

ಚೀಟಿಗೆ ಇನ್ನೊಂದು ಸಾಲು ಬೇಕು: ಎದ್ದು ನಿಂತ 1 ಮತ್ತು 3ನೇ ನಿಮಿಷದ ಬಿಪಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ದವಾಖಾನಿಯ ಒಂದೇ ಅಂಕಿ ನೋಡಿ ಗುಳಿಗಿ ಏರಿಸಿದಾಗ ಮುದುಕರಿಗೆ ಪೆಟ್ಟು ಬೀಳುವುದು ಇಲ್ಲೇ. ರಾತ್ರಿ ಬಚ್ಚಲಿಗೆಂದು ಎದ್ದಾಗ ಚಕ್ಕರ್ ಬಂದು ಬಿದ್ದರೆ ಸೊಂಟದ ಎಲುಬು ಮುರಿಯಬಹುದು. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ, ಮೂತ್ರ ಹೆಚ್ಚಿಸುವ ಗುಳಿಗಿ ತಗೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಆದರೆ ಪ್ರಮಾಣ ಬದಲಿಸುವುದು ಡಾಕ್ಟರ ಕೆಲಸ. 'ಮನ್ಯಾಗ ಕಡಿಮಿ ಅದ' ಎಂದು ತಾವೇ ನಿಲ್ಲಿಸಬಾರದು. ಮನೆಯಲ್ಲಿ ಕಡಿಮೆ ಇರುವುದು ಆ ಗುಳಿಗಿಯಿಂದಲೇ ಇರಬಹುದು.

ಗಾಬರಿಯ ಬಿಪಿ ಅಂತ ಪೂರ್ತಿ ಮರೆಯಲೂ ಆಗದು. 27 ಅಧ್ಯಯನಗಳನ್ನು ಕೂಡಿಸಿ ನೋಡಿದ 2019ರ ವಿಶ್ಲೇಷಣೆಯಲ್ಲಿ, ಚಿಕಿತ್ಸೆಯಿಲ್ಲದ ವೈಟ್ ಕೋಟ್ ಬಿಪಿಯವರಿಗೆ ಹೃದಯದ ತೊಂದರೆ ಸಾಮಾನ್ಯ ಬಿಪಿಯವರಿಗಿಂತ ಹೆಚ್ಚಿತ್ತು. ಮುಂದೆ ನಿಜವಾದ ಬಿಪಿ ಬರುವ ಸಾಧ್ಯತೆಯೂ ಇದೆ. ಹಾಗಾಗಿ ವರ್ಷಕ್ಕೊಮ್ಮೆ ಈ 7 ದಿನದ ಚೀಟಿ, ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿ ಪರೀಕ್ಷೆ. ದಿನದ ಉಪ್ಪು 5 ಗ್ರಾಂ ಒಳಗಿರಲಿ. ರೊಟ್ಟಿಗಿಂತ ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಯ ಮೇಲೆ ಕಣ್ಣಿಡಿ.

ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು, ಒಂದು ಕೈಕಾಲಿನ ಶಕ್ತಿ ಹೋಗುವುದು ಕಂಡರೆ ಅಳೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.