ಬ್ಯಾಟರಿ ಹೊಸದು, ಕ್ಲಾಂಪ್ ಲೂಸು

ಕಾರು ಸ್ಟಾರ್ಟ್ ಆಗದಿದ್ದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಒಂದೇ ಮಾತು, ಬ್ಯಾಟರಿ ಹೋಗಿದೆ. ಶಿವಮೊಗ್ಗದಿಂದ ಸಾಗರಕ್ಕೆ ಗೃಹಪ್ರವೇಶಕ್ಕೆಂದು ಹೊರಟು, ಆನಂದಪುರದಲ್ಲಿ ಟೀ ಕುಡಿದು ಬಂದು ಕೀ ತಿರುಗಿಸಿದಾಗ ನಮ್ಮ ಭಾವ ಹೇಳಿದ್ದೂ ಅದನ್ನೇ. ಬ್ಯಾಟರಿ ಹಾಕಿಸಿ ಇನ್ನೂ ತಿಂಗಳೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಮುಹೂರ್ತದ ಟೈಮ್ ನೋಡುತ್ತಿದ್ದಳು. ಭಾವ ಆಗಲೇ ಅಂಗಡಿಯವನಿಗೆ ಬೈಯಲು ಫೋನ್ ತೆಗೆದಿದ್ದರು.

ನನಗೆ ಮಾತ್ರ ಅನುಮಾನ. ಕೀ ತಿರುಗಿಸಿದರೆ ಒಂದು ಸಲ ಟಕ್ ಅನ್ನುತ್ತಿತ್ತು. ಡ್ಯಾಶ್‌ಬೋರ್ಡಿನ ದೀಪವೆಲ್ಲ ಆರಿ, ಗಡಿಯಾರ ಸೊನ್ನೆಗೆ ಹೋಗುತ್ತಿತ್ತು. ಆದರೆ ಹಾರ್ನ್ ಒತ್ತಿದರೆ ಊರಿಗೆಲ್ಲ ಕೇಳುವ ಹಾಗೆ ಹೊಡೆಯುತ್ತಿತ್ತು. ಸತ್ತ ಬ್ಯಾಟರಿಯಲ್ಲಿ ಅಂಥ ಹಾರ್ನ್ ಬರುವುದಿಲ್ಲ ಅಲ್ವಾ?

ಎದುರಿಗೇ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಅಲ್ಲಿಂದ ಬಂದ ಹುಡುಗ ಏನನ್ನೂ ಕೇಳಲಿಲ್ಲ. ಬಾನೆಟ್ ಎತ್ತಿ, ಬ್ಯಾಟರಿಗೆ ಕೇಬಲ್ ಕಚ್ಚಿಸುವ ಮೈನಸ್ ಕ್ಲಾಂಪ್ ಹಿಡಿದು ಬರಿಗೈಯಲ್ಲಿ ತಿರುಗಿಸಿದ. ಅದು ಸಲೀಸಾಗಿ ತಿರುಗಿತು.

"ಬ್ಯಾಟರಿ ಚೆನ್ನಾಗೇ ಇದೆ ಸಾರ್. ಇದು ಕೂತೇ ಇಲ್ಲ ನೋಡಿ."

"ಹಾಗಾದ್ರೆ ಟೈಟ್ ಮಾಡಪ್ಪಾ," ಎಂದರು ಭಾವ.

"ಇನ್ನೆಲ್ಲಿ ಟೈಟ್ ಮಾಡೋದು ಸಾರ್? ಎರಡು ಕಿವಿನೂ ಕೂಡ್ಕೊಂಡ್ಬಿಟ್ಟಿದೆ."

ನಿಜವೇ. ಬೋಲ್ಟ್ ಹಾಕುವ ಎರಡು ಕಿವಿಗಳು ಒಂದಕ್ಕೊಂದು ತಾಗಿದ್ದವು. ಇನ್ನು ಸ್ಪ್ಯಾನರ್ ತಿರುಗಿಸಿದರೆ ಬೋಲ್ಟ್ ಮುರಿಯಬೇಕೇ ಹೊರತು ಹಿಡಿತ ಬರುವುದಿಲ್ಲ. ಕ್ಲಾಂಪ್ ಬಿಚ್ಚಿದಾಗ ಒಳಗಿನಿಂದ ಯಾವುದೋ ಡಬ್ಬಿಯ ತಗಡಿನ ಚೂರು ಬಿತ್ತು. ಒಂದು ಕಡೆ ಸುಟ್ಟು ಕಪ್ಪಾಗಿತ್ತು. ಬ್ಯಾಟರಿ ಹಾಕಿದವನು ಕ್ಲಾಂಪ್ ಕೂರುವ ಗೂಟ, ಅಂದರೆ ಪೋಸ್ಟ್, ಸಣ್ಣದಾಯಿತೆಂದು ಸಂದಿಗೆ ತಗಡು ತುರುಕಿ ಕಳಿಸಿದ್ದ!

ನಾನು ಲೇತ್ ಕೆಲಸದವನು. ಅಳತೆ ಸೇರದ ಕಡೆ ಬಿಗಿ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬ್ಯಾಟರಿ ಮೇಲಿನ ಸೀಸದ ಪೋಸ್ಟ್ ನೆಟ್ಟಗಿರುವ ಕಡ್ಡಿಯಲ್ಲ, ಟೇಪರ್. ಒಂಬತ್ತು ಮಿ.ಮೀ. ಮೇಲೇರಿದರೆ ವ್ಯಾಸ ಒಂದು ಮಿ.ಮೀ. ಕಮ್ಮಿಯಾಗುತ್ತದೆ. ಕ್ಲಾಂಪಿನ ತೂತಿಗೂ ಅದೇ ಟೇಪರ್. ಎರಡೂ ಸರಿ ಇದ್ದರೆ ಕೈಯಲ್ಲಿ ಒತ್ತಿದಾಗಲೇ ಸುತ್ತಲೂ ಮೈಗೆ ಮೈ ಅಂಟಿ ಕೂರುತ್ತದೆ, ಬೋಲ್ಟಿಗೆ ಜಾಸ್ತಿ ಕೆಲಸವೇ ಇರುವುದಿಲ್ಲ. ದೊಡ್ಡ ತೂತನ್ನು ಸಣ್ಣ ಪೋಸ್ಟಿಗೆ ಅಮುಕಿದರೆ ತೂತು ಮೊಟ್ಟೆಯಾಕಾರವಾಗಿ ಒಂದೆರಡು ಕಡೆ ಮಾತ್ರ ತಾಗುತ್ತದೆ.

ನಮ್ಮಲ್ಲಿ ಓಡಾಡುವ ಕಾರುಗಳಲ್ಲಿ ಮುಖ್ಯವಾಗಿ ಎರಡು ಅಳತೆಯ ಪೋಸ್ಟ್ ಸಿಗುತ್ತವೆ. ದಪ್ಪದ್ದರಲ್ಲಿ ಬುಡದ ವ್ಯಾಸ ಪ್ಲಸ್‌ಗೆ 19.5 ಮಿ.ಮೀ., ಮೈನಸ್‌ಗೆ 17.9. ಸಣ್ಣದು ಜಪಾನಿ ಅಳತೆ, ಪ್ಲಸ್ 14.7, ಮೈನಸ್ 13. ಎರಡರಲ್ಲೂ ಪ್ಲಸ್ಸೇ ದಪ್ಪ. ಮೈನಸ್ ಕ್ಲಾಂಪನ್ನು ಯಾರಾದರೂ ಮರೆತು ಪ್ಲಸ್‌ಗೆ ಹಾಕಲು ಹೋದರೆ ಹಿಡಿಸಬಾರದು ಎಂದೇ ಹಾಗೆ ಮಾಡಿರುವುದು. ನಮ್ಮ ಕಾರಿನಲ್ಲಿ ಆ ಕಾವಲೂ ಇರಲಿಲ್ಲ. ಹಿಂದಿನ ಮಾಲೀಕರು ಯಾವಾಗಲೋ ದಪ್ಪ ಅಳತೆಯ ಕ್ಲಾಂಪ್ ಹಾಕಿಸಿದ್ದರು, ಹೊಸ ಬ್ಯಾಟರಿಯ ಪೋಸ್ಟ್ ಸಣ್ಣದು. ದಪ್ಪ ಅಳತೆಯ ಮೈನಸ್ ಕ್ಲಾಂಪ್ ಸಣ್ಣ ಪ್ಲಸ್ ಮೇಲೆ ಆರಾಮಾಗಿ ಇಳಿಯುತ್ತದೆ. ಕೇಬಲ್ ಅದಲು ಬದಲಾಗಿದ್ದರೆ ಫ್ಯೂಸ್ ಜೊತೆಗೆ ಇನ್ನೇನೇನು ಸುಡುತ್ತಿತ್ತೋ.

ಬ್ಯಾಟರಿ ಮೇಲೆ ಬರೆದಿದ್ದು 38ಬಿ20ಎಲ್. 20 ಎಂದರೆ ಸೆಂಟಿಮೀಟರ್‌ನಲ್ಲಿ ಉದ್ದ, ಬಿ ಅಗಲ-ಎತ್ತರದ ಗುರುತು, ಎಲ್ ಎಂಬುದು ಪ್ಲಸ್ ಯಾವ ಕಡೆ ಎನ್ನುವುದಕ್ಕೆ. ಇದರ ಬಾಲಕ್ಕೆ ಇನ್ನೊಂದು ಎಸ್ ಇದ್ದರೆ ಪೋಸ್ಟ್ ದಪ್ಪ ಎಂದು ಅರ್ಥ. ಆ ಒಂದು ಅಕ್ಷರ ನೋಡದೆ ಬ್ಯಾಟರಿ ಮಾರಿದ್ದರು.

ಹುಡುಗ ಕ್ಲಾಂಪನ್ನು ಮತ್ತೆ ಹಾಗೇ ಕೂರಿಸಿ ಮೀಟರ್ ತಂದ. ಒಂದು ಕಡ್ಡಿ ಪೋಸ್ಟಿನ ತಲೆಗೆ, ಇನ್ನೊಂದು ಕ್ಲಾಂಪಿಗೆ. "ಸೆಲ್ಫ್ ಹೊಡೀರಿ ಸಾರ್," ಎಂದ. ಎರಡು ವೋಲ್ಟ್‌ಗಿಂತ ಜಾಸ್ತಿ ತೋರಿಸಿತು. ತಾಗಿಕೊಂಡಿರಬೇಕಾದ ಎರಡು ಲೋಹಗಳ ಮಧ್ಯೆ ಅಷ್ಟು ವೋಲ್ಟ್ ಮಾಯ! ಹಾರ್ನಿಗೆ ಬೇಕಾಗುವ ಕರೆಂಟ್ ನಾಲ್ಕೈದು ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರ್‌ಗೆ ನೂರರ ಮೇಲೆ ಬೇಕು. ಜಾಯಿಂಟಿನಲ್ಲಿ ಬರೀ 0.02 ಓಮ್ ತಡೆ ಇದ್ದರೂ 5 ಆಂಪಿಯರ್‌ಗೆ 0.1 ವೋಲ್ಟ್ ಹೋಗುತ್ತದೆ, ಹಾರ್ನಿಗೆ ಅದು ಲೆಕ್ಕಕ್ಕೇ ಇಲ್ಲ. 150 ಆಂಪಿಯರ್ ಎಳೆದಾಗ ಅದೇ ತಡೆಯಲ್ಲಿ 3 ವೋಲ್ಟ್ ಹೋಗುತ್ತದೆ. ಸೆಲ್ಫ್ ಎಲ್ಲಿಂದ ಎತ್ತಬೇಕು?

ಹುಡುಗನ ಡಬ್ಬಿಯಲ್ಲಿ ಸೀಸದ ಸ್ಲೀವ್‌ಗಳಿದ್ದವು. ಸಣ್ಣ ಪೋಸ್ಟಿಗೆ ಟೋಪಿ ಹಾಕಿ ದಪ್ಪ ಮಾಡುವ ಬಳೆ ಅದು, ಪ್ಲಸ್‌ಗೆ ಬೇರೆ, ಮೈನಸ್‌ಗೆ ಬೇರೆ. ಎರಡೂ ಪೋಸ್ಟುಗಳನ್ನು ಉಜ್ಜಿ ಬೆಳ್ಳಗೆ ಮಾಡಿ ಸ್ಲೀವ್ ಇಳಿಸಿದ. ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಚ್ಚುವಾಗ ಮೈನಸ್ಸೇ ಮೊದಲು ಬಿಚ್ಚಿದ್ದ. ಮೈನಸ್ ಇನ್ನೂ ಇದ್ದಾಗ ಪ್ಲಸ್ ಮೇಲಿನ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ, ಅದಕ್ಕೆ. ಭಾವ ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಇನ್ನೂ ಕೆಳಗೆ ಕೂರುತ್ತದೆ ಎಂದರು. ಹುಡುಗ ಕೈ ಅಡ್ಡ ಹಿಡಿದ. "ಒಳಗೆ ಪ್ಲೇಟಿನ ಜಾಯಿಂಟ್ ಬಿಡುತ್ತೆ ಸಾರ್, ಬೇಡ." ಮತ್ತೆ ಮೀಟರ್ ಇಟ್ಟಾಗ ಮುಳ್ಳು ಹೆಚ್ಚುಕಮ್ಮಿ ಅಲುಗಲೇ ಇಲ್ಲ. ಮುಹೂರ್ತ ತಪ್ಪಿತು, ಊಟ ಸಿಕ್ಕಿತು.

ಸ್ಲೀವ್ ತಪ್ಪಲ್ಲ. ಆದರೂ ಅದರಿಂದ ಒಂದು ಜಾಯಿಂಟ್ ಇರಬೇಕಾದ ಕಡೆ ಎರಡಾಗುತ್ತದೆ. ಮುಂದೆ ಯಾರೋ ಬಿಚ್ಚಿ ಅದನ್ನು ಕಳೆದರೆ ಮತ್ತೆ ತಗಡೇ ಗತಿ. ಶಿವಮೊಗ್ಗಕ್ಕೆ ಬಂದ ಮೇಲೆ ಸಣ್ಣ ಅಳತೆಯ ಹಿತ್ತಾಳೆ ಕ್ಲಾಂಪ್ ಹುಡುಕಿದೆ. ಅಂಗಡಿಯಾತ ಮೊದಲು ದಪ್ಪದ್ದನ್ನೇ ಕೊಟ್ಟು, "ಟೈಟ್ ಮಾಡಿದ್ರೆ ಸರಿಹೋಗುತ್ತೆ," ಎಂದ. ನಾನು ಜೇಬಿನಿಂದ ವ್ಯಾಸ ಅಳೆಯುವ ವರ್ನಿಯರ್ ತೆಗೆದೆ. ಆಮೇಲೆ ಒಳಗಿನಿಂದ ಬೇರೆ ಪೆಟ್ಟಿಗೆ ಬಂತು.

ಹಾಕಿದ್ದು ಮನೆ ಮುಂದೆಯೇ. ಕೈಯಲ್ಲಿ ಒತ್ತಿದಾಗ ಬುಡದವರೆಗೆ ಇಳಿಯಿತು, ಪೋಸ್ಟಿನ ತಲೆ ಕ್ಲಾಂಪಿನ ಮಟ್ಟಕ್ಕಿಂತ ಕೂದಲೆಳೆ ಮೇಲಿತ್ತು. ಹತ್ತು ನಂಬರ್ ಸ್ಪ್ಯಾನರ್‌ನಿಂದ ಬಿಗಿ ಮಾಡಿದೆ. ಬಿಗಿಯಾದ ಮೇಲೂ ಕಿವಿಗಳ ಮಧ್ಯೆ ಸಂದಿ ಉಳಿದಿತ್ತು, ಬೇಕಾಗಿದ್ದೂ ಅದೇ. ಕೈಯಿಂದ ತಿರುಚಿ ನೋಡಿದೆ, ಕದಲಲಿಲ್ಲ. ಕೊನೆಗೆ ಮೇಲಿಂದ ತೆಳುವಾಗಿ ವ್ಯಾಸಲಿನ್ ಸವರಿದೆ. ಕೆಲವರು ಕ್ಲಾಂಪ್ ಹಾಕುವ ಮೊದಲೇ ಪೋಸ್ಟಿಗೆ ಸವರುತ್ತಾರೆ. ನನಗೆ ಅದು ಇಷ್ಟವಿಲ್ಲ, ಲೋಹಕ್ಕೆ ಲೋಹ ತಾಗಿದ ಮೇಲೇ ಜಿಡ್ಡಿನ ಕೆಲಸ.